ಪೋಕೆಮಾನ್ ಗೋ ಮೂವ್‌ಗಳು: ಪವರ್ ನೋಡುವ ಮೊದಲು ಎನರ್ಜಿ ನೋಡಿ

ಪೋಕೆಮಾನ್ ಗೋ ಎಂಬ ಫೋನ್ ಆಟದಲ್ಲಿ ಹೊಸ ಪೋಕೆಮಾನ್ ಸಿಕ್ಕ ತಕ್ಷಣ ನಾವೆಲ್ಲ ನೋಡುವುದು ಅದರ ಸಿಪಿ, ಅಂದರೆ ಅದರ ಒಟ್ಟು ಬಲ ತೋರಿಸುವ ಸಂಖ್ಯೆ. ಆಮೇಲೆ ಮೂವ್ (ಅದು ಹೊಡೆಯುವ ದಾಳಿ) ಪಕ್ಕದಲ್ಲಿರುವ ಪವರ್ ಸಂಖ್ಯೆ. ಪವರ್ ಜಾಸ್ತಿ ಇದ್ದರೆ ಒಳ್ಳೆಯ ಮೂವ್ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಒಂದೇ ಸಿಪಿಯ ಎರಡು ಸ್ವಾಂಪರ್ಟ್‌ಗಳನ್ನು ಕಣಕ್ಕೆ ಇಳಿಸಿ ನೋಡಿ. ಒಂದು ಪಂದ್ಯ ಗೆದ್ದುಕೊಡುತ್ತದೆ, ಇನ್ನೊಂದು ಏನೂ ಮಾಡದೆ ಬೀಳುತ್ತದೆ. ಇದಕ್ಕೆ ಮುಖ್ಯ ಕಾರಣ ಎನರ್ಜಿ. ಈ ಟಿಪ್ಪಣಿಯಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ. ಇಲ್ಲಿ ಕೊಟ್ಟಿರುವ ಸಂಖ್ಯೆಗಳು ಟ್ರೇನರ್ ಬ್ಯಾಟಲ್‌ನವು, ಅಂದರೆ ಇಬ್ಬರು ಆಟಗಾರರ ನಡುವಿನ ಪಂದ್ಯದವು. ರೇಡ್ (ದೊಡ್ಡ ಬಾಸ್ ಪೋಕೆಮಾನ್ ಜೊತೆಗಿನ ಕಾದಾಟ) ಮತ್ತು ಜಿಮ್‌ಗಳ ಲೆಕ್ಕ ಬೇರೆ, ಅದು ಕೊನೆಯಲ್ಲಿ ಬರುತ್ತದೆ.

ಫಾಸ್ಟ್ ಮೂವ್, ಚಾರ್ಜ್ಡ್ ಮೂವ್

ಪ್ರತಿ ಪೋಕೆಮಾನ್‌ಗೂ ಒಂದು ಫಾಸ್ಟ್ ಮೂವ್ ಮತ್ತು ಒಂದು ಚಾರ್ಜ್ಡ್ ಮೂವ್ ಇರುತ್ತವೆ. ಆಟದಲ್ಲೇ ಸಂಪಾದಿಸುವ ಸ್ಟಾರ್‌ಡಸ್ಟ್ ಮತ್ತು ಕ್ಯಾಂಡಿ ಕೊಟ್ಟರೆ ಎರಡನೇ ಚಾರ್ಜ್ಡ್ ಮೂವ್ ಕೂಡ ಸಿಗುತ್ತದೆ. ಪರದೆ ತಟ್ಟಿದಾಗ ಹೊಡೆಯುವುದು ಫಾಸ್ಟ್ ಮೂವ್. ಅದು ಎದುರಾಳಿಗೆ ಸ್ವಲ್ಪ ಪೆಟ್ಟು ಕೊಡುತ್ತದೆ, ನಮಗೆ ಎನರ್ಜಿ ತರುತ್ತದೆ. ಆ ಎನರ್ಜಿಯನ್ನು ಖರ್ಚು ಮಾಡಿ ದೊಡ್ಡ ಪೆಟ್ಟು ಕೊಡುವುದು ಚಾರ್ಜ್ಡ್ ಮೂವ್. ಅಂದರೆ ಫಾಸ್ಟ್ ಮೂವ್ ಸಂಪಾದನೆ, ಚಾರ್ಜ್ಡ್ ಮೂವ್ ಖರ್ಚು.

ಟ್ರೇನರ್ ಬ್ಯಾಟಲ್‌ನಲ್ಲಿ ಸಮಯವನ್ನು ಟರ್ನ್‌ಗಳಲ್ಲಿ ಎಣಿಸುತ್ತಾರೆ. ಒಂದು ಟರ್ನ್ ಅಂದರೆ ಅರ್ಧ ಸೆಕೆಂಡು. ಲಾಕ್-ಆನ್ ಒಂದೇ ಟರ್ನ್‌ನಲ್ಲಿ ಮುಗಿಯುತ್ತದೆ. ಇನ್ಸಿನರೇಟ್‌ಗೆ 5 ಟರ್ನ್ ಬೇಕು, ಅಂದರೆ ಎರಡೂವರೆ ಸೆಕೆಂಡು. ಹಾಗಾಗಿ ಒಂದು ಫಾಸ್ಟ್ ಮೂವ್ ಎಷ್ಟು ಪೆಟ್ಟು ಕೊಡುತ್ತದೆ ಅಂತ ಸುಮ್ನೆ ನೋಡಿದರೆ ಸಾಲದು. ಟರ್ನ್‌ಗೆ ಎಷ್ಟು ಪೆಟ್ಟು, ಟರ್ನ್‌ಗೆ ಎಷ್ಟು ಎನರ್ಜಿ ಅಂತ ಭಾಗಿಸಿ ನೋಡಬೇಕು. ಆಡುವವರು ಇವನ್ನು ಡಿಪಿಟಿ, ಇಪಿಟಿ ಅಂತ ಕರೆಯುತ್ತಾರೆ.

ಲಾಕ್-ಆನ್‌ನ ಪವರ್ ಬರೀ 1. ಇಷ್ಟು ನೋಡಿದವರು ಇದನ್ನು ಕೈಬಿಡುತ್ತಾರೆ. ಆದರೆ ಅದು ಒಂದೇ ಟರ್ನ್‌ನಲ್ಲಿ 5 ಎನರ್ಜಿ ಕೊಡುತ್ತದೆ. ಇನ್ಸಿನರೇಟ್ 5 ಟರ್ನ್‌ಗೆ 20 ಕೊಡುತ್ತದೆ, ಅಂದರೆ ಟರ್ನ್‌ಗೆ 4. ರಿಜಿಸ್ಟೀಲ್‌ನಂಥ ಪೋಕೆಮಾನ್ ಲಾಕ್-ಆನ್ ಹಿಡಿದು ನಿಂತರೆ ಚಾರ್ಜ್ಡ್ ಮೂವ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಚಾರ್ಮ್, ರೇಜರ್ ಲೀಫ್ ಇದಕ್ಕೆ ಪೂರ್ತಿ ಉಲ್ಟಾ. ಫಾಸ್ಟ್ ಮೂವ್‌ನಲ್ಲೇ ಬಲವಾಗಿ ಹೊಡೆಯುತ್ತವೆ, ಎನರ್ಜಿ ಮಾತ್ರ ನಿಧಾನವಾಗಿ ತುಂಬುತ್ತದೆ. ಇವುಗಳ ಎದುರು ಶೀಲ್ಡ್ ಇದ್ದರೂ ಅಷ್ಟೇನೂ ಪ್ರಯೋಜನವಿಲ್ಲ, ಯಾಕೆಂದರೆ ಶೀಲ್ಡ್ ತಡೆಯುವುದು ಚಾರ್ಜ್ಡ್ ಮೂವ್‌ಗಳನ್ನು ಮಾತ್ರ.

ಎಣಿಸುವುದು ಹೇಗೆ

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ಎದುರಾಳಿಯ ಎನರ್ಜಿ ಪರದೆಯ ಮೇಲೆ ಕಾಣುವುದಿಲ್ಲ. ಆದರೆ ಎಣಿಸಿದರೆ ಗೊತ್ತಾಗುತ್ತದೆ.

ಟೈಫ್ಲೋಷನ್ ತೆಗೆದುಕೊಳ್ಳಿ. ಫಾಸ್ಟ್ ಮೂವ್ ಇನ್ಸಿನರೇಟ್, ಚಾರ್ಜ್ಡ್ ಮೂವ್ ಬ್ಲಾಸ್ಟ್ ಬರ್ನ್. ಬ್ಲಾಸ್ಟ್ ಬರ್ನ್‌ಗೆ 50 ಎನರ್ಜಿ ಬೇಕು. ಮೂರು ಇನ್ಸಿನರೇಟ್ ಆದಾಗ 60 ಸೇರುತ್ತದೆ. 50 ಖರ್ಚಾದ ಮೇಲೆ 10 ಉಳಿಯುತ್ತದೆ. ಮುಂದಿನ ಬಾರಿಗೆ 40 ಸಾಕು, ಅಂದರೆ ಎರಡೇ ಇನ್ಸಿನರೇಟ್. ಆಗ ಉಳಿಕೆ ಸೊನ್ನೆ. ಮತ್ತೆ ಮೂರು, ಮತ್ತೆ ಎರಡು. ಮೊದಲ ಬ್ಲಾಸ್ಟ್ ಬರ್ನ್‌ಗೆ ಏಳೂವರೆ ಸೆಕೆಂಡು ಕಾದವರು ಎರಡನೆಯದು ಐದೇ ಸೆಕೆಂಡಿಗೆ ಬಂದಾಗ ತಬ್ಬಿಬ್ಬಾಗುತ್ತಾರೆ. ಎಣಿಸುತ್ತಿದ್ದವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಎನರ್ಜಿ 100ಕ್ಕಿಂತ ಜಾಸ್ತಿ ಸೇರುವುದಿಲ್ಲ. ಐದು ಇನ್ಸಿನರೇಟ್‌ಗೆ 100 ಆಗುತ್ತದೆ. ಆರನೆಯದು ಪೆಟ್ಟು ಕೊಡುತ್ತದೆ, ಅದರ ಎನರ್ಜಿ ಮಾತ್ರ ದಂಡ. ಇನ್ನೊಂದು ವಿಷಯ: ಪೋಕೆಮಾನ್ ಬದಲಾಯಿಸಿದರೂ ಹೊರಗೆ ಹೋದದ್ದರ ಎನರ್ಜಿ ಹಾಗೇ ಉಳಿಯುತ್ತದೆ. ಸಾಯಲಿಕ್ಕೆ ಬಂದ ಎದುರಾಳಿಯನ್ನು ಚಾರ್ಜ್ಡ್ ಮೂವ್ ಬಳಸದೆ ಬರೀ ಫಾಸ್ಟ್ ಮೂವ್‌ನಲ್ಲೇ ಮುಗಿಸಿ, ಕೂಡಿಟ್ಟ ಎನರ್ಜಿಯನ್ನು ಮುಂದೆ ಬರುವವರ ಮೇಲೆ ಬಳಸುವುದಕ್ಕೆ ಫಾರ್ಮಿಂಗ್ ಅನ್ನುತ್ತಾರೆ. ಸೋಲುವ ಪಂದ್ಯವೂ ಎಷ್ಟೋ ಸಲ ಇದರಿಂದಲೇ ತಿರುಗುತ್ತದೆ.

ದೊಡ್ಡ ಮೂವ್ ಒಳ್ಳೆಯದಾ?

ಹೈಪರ್ ಬೀಮ್: ಪವರ್ 150, ಎನರ್ಜಿ 80. ಹೈಡ್ರೋ ಕ್ಯಾನನ್: ಪವರ್ 80, ಎನರ್ಜಿ 40. ಮೇಲ್ನೋಟಕ್ಕೆ ಹೈಪರ್ ಬೀಮ್ ಭಾರಿ ಅನಿಸುತ್ತದೆ. ಆದರೆ ಒಂದು ಹೈಪರ್ ಬೀಮ್‌ಗೆ ಬೇಕಾದ ಎನರ್ಜಿಯಲ್ಲಿ ಎರಡು ಹೈಡ್ರೋ ಕ್ಯಾನನ್ ಹೊಡೆಯಬಹುದು. ಆಗ ಒಟ್ಟು ಪವರ್ 160.

ಈಗ ಶೀಲ್ಡ್ ಸೇರಿಸಿ ಯೋಚಿಸಿ. ಒಂದು ಪಂದ್ಯದಲ್ಲಿ ಒಬ್ಬರಿಗೆ ಇರುವುದು ಎರಡೇ ಶೀಲ್ಡ್. ಶೀಲ್ಡ್ ಹಾಕಿದರೆ ಯಾವ ಚಾರ್ಜ್ಡ್ ಮೂವ್ ಆದರೂ 1 ಎಚ್‌ಪಿ (ಪೋಕೆಮಾನ್‌ನ ಜೀವದ ಅಂಕ) ಮಾತ್ರ ಕೀಳುತ್ತದೆ. 80 ಎನರ್ಜಿ ಕೂಡಿಸಿ ಹೊಡೆದ ಹೈಪರ್ ಬೀಮ್ ಒಂದೇ ಶೀಲ್ಡ್‌ನಲ್ಲಿ ಮುಗಿದುಹೋಗುತ್ತದೆ. ಅದೇ 80ಕ್ಕೆ ಎರಡು ಹೈಡ್ರೋ ಕ್ಯಾನನ್ ಹೊಡೆದರೆ ಎದುರಾಳಿ ಎರಡು ಶೀಲ್ಡ್ ಕಳೆದುಕೊಳ್ಳಬೇಕು, ಇಲ್ಲವೇ ಒಂದನ್ನಾದರೂ ಮೈಮೇಲೆ ತೆಗೆದುಕೊಳ್ಳಬೇಕು. ಕಡಿಮೆ ಎನರ್ಜಿಯ ಮೂವ್‌ಗಳನ್ನು ಅನುಭವಿಗಳು ಇಷ್ಟಪಡುವುದು ಇದಕ್ಕೇ. ಎರಡನೇ ಚಾರ್ಜ್ಡ್ ಮೂವ್‌ಗೆ ಬೆಲೆ ಬರುವುದೂ ಇಲ್ಲೇ. ದೊಡ್ಡ ಮೂವ್‌ಗೆ ಸಾಕಾಗುವಷ್ಟು ಎನರ್ಜಿ ಕೂಡಿಸಿ, ಚಿಕ್ಕದನ್ನು ಹೊಡೆದು ಶೀಲ್ಡ್ ಎಳೆಯುವುದಕ್ಕೆ ಬೇಟ್ ಅನ್ನುತ್ತಾರೆ. ಎದುರಾಳಿ ಎಣಿಸುವವರಾಗಿದ್ದರೆ ಬೇಟ್ ಮಾಡುವುದು ಕಷ್ಟ, ಆದರೂ ಅವರಿಗೂ ಅದು ಊಹೆಯೇ.

ಸೀಸನ್ ಬದಲಾದಾಗ ಕೆಲವು ಮೂವ್‌ಗಳ ಪವರ್, ಎನರ್ಜಿ ತಿದ್ದುತ್ತಾರೆ. ಹಳೆಯ ಪಟ್ಟಿ ನೋಡಿ ತಂಡ ಕಟ್ಟಬೇಡಿ.

ಪವರ್ ಜೊತೆಗೆ ಬರುವ ಪರಿಣಾಮ

ಪವರ್-ಅಪ್ ಪಂಚ್‌ನ ಪವರ್ 20, ಎನರ್ಜಿ 35. ಇಷ್ಟೇ ನೋಡಿದರೆ ಇದಕ್ಕಿಂತ ಕೆಟ್ಟ ಮೂವ್ ಇಲ್ಲ ಅನಿಸುತ್ತದೆ. ಆದರೆ ಪ್ರತಿ ಸಲ ಹೊಡೆದಾಗಲೂ ನಮ್ಮ ಅಟ್ಯಾಕ್ ಒಂದು ಹಂತ ಏರುತ್ತದೆ. ಒಂದು ಹಂತಕ್ಕೆ 1.25 ಪಟ್ಟು, ಎರಡಕ್ಕೆ 1.5, ಮೂರಕ್ಕೆ 1.75, ನಾಲ್ಕಕ್ಕೆ 2. ನಾಲ್ಕೇ ಕೊನೆ. ಎದುರಾಳಿ ಶೀಲ್ಡ್ ಹಾಕಿದರೂ ಈ ಏರಿಕೆ ನಿಲ್ಲುವುದಿಲ್ಲ. ಹಾಗಾಗಿ ಅದಕ್ಕೆ ಶೀಲ್ಡ್ ಕೊಟ್ಟವರಿಗೆ ಎರಡೂ ಕಡೆಯಿಂದ ನಷ್ಟ.

ಕ್ಲೋಸ್ ಕಾಂಬ್ಯಾಟ್ ತಿರುಗುಬಾಣ. 45 ಎನರ್ಜಿಗೆ 100 ಪವರ್ ಸಿಗುತ್ತದೆ, ಆದರೆ ಹೊಡೆದವರ ಡಿಫೆನ್ಸ್ ಎರಡು ಹಂತ ಇಳಿಯುತ್ತದೆ. ಅಂದರೆ ಆಮೇಲೆ ಬೀಳುವ ಪ್ರತಿ ಪೆಟ್ಟೂ ಒಂದೂವರೆ ಪಟ್ಟು. ಈ ಏರಿಳಿತಗಳು ಪೋಕೆಮಾನ್ ಹೊರಗೆ ಹೋದ ತಕ್ಷಣ ಅಳಿಸಿಹೋಗುತ್ತವೆ. ಹಾಗಾಗಿ ಕ್ಲೋಸ್ ಕಾಂಬ್ಯಾಟ್ ಹೊಡೆದು, ಬದಲಾಯಿಸುವ ಅವಕಾಶ ಇದ್ದರೆ ಕೂಡಲೇ ಬದಲಾಯಿಸುವುದು ಒಳ್ಳೆಯ ಉಪಾಯ.

ಟೈಪ್ ಮತ್ತು ಪೆಟ್ಟಿನ ಲೆಕ್ಕ

ಪ್ರತಿ ಮೂವ್‌ಗೂ ಪೋಕೆಮಾನ್‌ಗೂ ವಾಟರ್, ಗ್ರಾಸ್‌ನಂಥ ಟೈಪ್ ಇರುತ್ತದೆ. ಮೂವ್‌ನ ಟೈಪ್ ಪೋಕೆಮಾನ್‌ನ ಟೈಪ್‌ಗೆ ಹೊಂದಿದರೆ ಪೆಟ್ಟು 1.2 ಪಟ್ಟು. ಇದಕ್ಕೆ ಸ್ಟ್ಯಾಬ್ ಅನ್ನುತ್ತಾರೆ. ಎದುರಾಳಿಯ ಟೈಪ್‌ಗೆ ಮೂವ್ ಭಾರಿಯಾದರೆ 1.6 ಪಟ್ಟು, ಎರಡೂ ಟೈಪ್‌ಗೆ ಭಾರಿಯಾದರೆ 2.56. ಎದುರಾಳಿ ತಡೆದುಕೊಳ್ಳುವ ಟೈಪ್ ಆದರೆ 0.625. ಮೂಲ ಪೋಕೆಮಾನ್ ಆಟಗಳಲ್ಲಿ ಗ್ರೌಂಡ್ ಟೈಪ್ ಮೇಲೆ ಎಲೆಕ್ಟ್ರಿಕ್ ಮೂವ್ ಏನೂ ಮಾಡುವುದಿಲ್ಲ. ಇಲ್ಲಿ ಸೊನ್ನೆ ಇಲ್ಲ, ಸುಮಾರು 0.39 ಪಟ್ಟು ಬೀಳುತ್ತದೆ.

ವೀನಸಾರ್‌ನ ಫ್ರೆಂಜಿ ಪ್ಲಾಂಟ್ ಸ್ವಾಂಪರ್ಟ್ ಮೇಲೆ ಬಿದ್ದರೆ? ಪವರ್ 100, ಸ್ಟ್ಯಾಬ್ ಸೇರಿ 120. ಸ್ವಾಂಪರ್ಟ್ ವಾಟರ್ ಕೂಡ ಹೌದು, ಗ್ರೌಂಡ್ ಕೂಡ ಹೌದು, ಗ್ರಾಸ್‌ಗೆ ಎರಡೂ ಸೋಲುತ್ತವೆ. 120ಕ್ಕೆ 2.56 ಗುಣಿಸಿದರೆ 307 ದಾಟುತ್ತದೆ. ಅದೂ 45 ಎನರ್ಜಿಗೆ. ಸ್ವಾಂಪರ್ಟ್ ಇಟ್ಟುಕೊಂಡವರು ಹಸಿರು ಬಣ್ಣ ಕಂಡ ತಕ್ಷಣ ಓಡುವುದು ಸುಮ್ಮನೆ ಅಲ್ಲ.

ಪೂರ್ತಿ ಸೂತ್ರ ಹೀಗಿದೆ. ಪವರ್‌ನ ಅರ್ಧಕ್ಕೆ, ನಮ್ಮ ಅಟ್ಯಾಕನ್ನು ಎದುರಾಳಿಯ ಡಿಫೆನ್ಸ್‌ನಿಂದ ಭಾಗಿಸಿ ಗುಣಿಸಬೇಕು. ಆಮೇಲೆ ಸ್ಟ್ಯಾಬ್, ಟೈಪ್, ಟ್ರೇನರ್ ಬ್ಯಾಟಲ್‌ನ 1.3 ಎಲ್ಲವನ್ನೂ ಗುಣಿಸಬೇಕು. ಬಂದ ಉತ್ತರದ ದಶಾಂಶ ಬಿಟ್ಟು 1 ಕೂಡಿಸಬೇಕು.

ಈ ದಶಾಂಶ ಬಿಡುವ ವಿಷಯ ಚಿಕ್ಕದಲ್ಲ. ಒಂದು ಫಾಸ್ಟ್ ಮೂವ್‌ನ ಉತ್ತರ 3.95 ಬಂತು ಅನ್ನಿ. ದಶಾಂಶ ಬಿಟ್ಟರೆ 3, ಒಂದು ಕೂಡಿಸಿದರೆ 4. ಅಟ್ಯಾಕ್ ಒಂಚೂರು ಜಾಸ್ತಿ ಇದ್ದು ಉತ್ತರ 4.02 ಬಂದಿದ್ದರೆ ಪೆಟ್ಟು 5. ಕೂದಲೆಳೆಯ ವ್ಯತ್ಯಾಸಕ್ಕೆ ಪ್ರತಿ ತಟ್ಟಿಗೂ ಕಾಲು ಭಾಗ ಜಾಸ್ತಿ ಪೆಟ್ಟು. ಇದನ್ನೇ ಬ್ರೇಕ್‌ಪಾಯಿಂಟ್ ಅನ್ನುವುದು. ಪಂದ್ಯದಲ್ಲಿ ಹತ್ತಾರು ಸಲ ಹೊಡೆಯುವ ಚಿಕ್ಕ ಫಾಸ್ಟ್ ಮೂವ್‌ಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ.

ಯಾವಾಗ ಹೊಡೆಯಬೇಕು

ಇಬ್ಬರೂ ಒಂದೇ ಟರ್ನ್‌ನಲ್ಲಿ ಚಾರ್ಜ್ಡ್ ಮೂವ್ ಒತ್ತಿದರೆ ಅಟ್ಯಾಕ್ ಜಾಸ್ತಿ ಇರುವ ಪೋಕೆಮಾನ್ ಮೊದಲು ಹೊಡೆಯುತ್ತದೆ. ಇಲ್ಲಿ ಸಿಪಿ ಲೆಕ್ಕಕ್ಕಿಲ್ಲ.

ಎದುರಾಳಿಯ ಉದ್ದದ ಫಾಸ್ಟ್ ಮೂವ್ ಈಗಷ್ಟೇ ಶುರುವಾಗಿದೆ, ಆಗ ನೀವು ಚಾರ್ಜ್ಡ್ ಮೂವ್ ಒತ್ತಿದಿರಿ ಅಂದುಕೊಳ್ಳಿ. ಅವರ ಮೂವ್ ಅಲ್ಲೇ ಪೂರ್ತಿಯಾಗುತ್ತದೆ. ಪೆಟ್ಟೂ ಬೀಳುತ್ತದೆ, ಎನರ್ಜಿಯೂ ಸಿಗುತ್ತದೆ. ಉಳಿದ ಟರ್ನ್‌ಗಳನ್ನು ನೀವೇ ಉಚಿತವಾಗಿ ಕೊಟ್ಟ ಹಾಗಾಯಿತು. ಅದರ ಬದಲು ಅವರ ಫಾಸ್ಟ್ ಮೂವ್‌ನ ಕೊನೆಯ ಟರ್ನ್‌ವರೆಗೆ ಕಾಯ್ದು ಒತ್ತಿ. ನಡುವೆ ಸಿಗುವ ಸಮಯದಲ್ಲಿ ಇನ್ನೂ ಒಂದೆರಡು ತಟ್ಟು ನಿಮಗೇ ಸಿಗಬಹುದು. ನಿಮ್ಮ ಪೋಕೆಮಾನ್ ಅಷ್ಟರಲ್ಲಿ ಬೀಳುವಂತಿದ್ದರೆ ಮಾತ್ರ ಕಾಯಬೇಡಿ.

ರೇಡ್‌ನಲ್ಲಿ

ರೇಡ್ ಮತ್ತು ಜಿಮ್‌ನಲ್ಲಿ ಅದೇ ಮೂವ್‌ಗೆ ಬೇರೆ ಪವರ್, ಬೇರೆ ಎನರ್ಜಿ. ಚಾರ್ಜ್ಡ್ ಮೂವ್‌ಗಳ ಎನರ್ಜಿ ಪಟ್ಟಿ ಒಂದು, ಎರಡು ಅಥವಾ ಮೂರು ಬಾರ್‌ಗಳಲ್ಲಿ ಇರುತ್ತದೆ. ಪೆಟ್ಟು ತಿಂದಾಗಲೂ ಎನರ್ಜಿ ಬರುತ್ತದೆ. ಹವಾಮಾನ ಹೊಂದಿದರೆ ಇನ್ನೊಂದು 1.2 ಪಟ್ಟು ಸೇರುತ್ತದೆ, ಟ್ರೇನರ್ ಬ್ಯಾಟಲ್‌ನಲ್ಲಿ ಇದು ಇಲ್ಲ. ರೇಡ್ ಬಾಸ್ ಶೀಲ್ಡ್ ಲೆಕ್ಕ ಹಾಕಿ ಕೂರುವುದಿಲ್ಲ, ಹಾಗಾಗಿ ಬೇಟ್ ಮಾಡುವ ಮಾತೇ ಬರುವುದಿಲ್ಲ. ಅಲ್ಲಿ ಸೆಕೆಂಡಿಗೆ ಎಷ್ಟು ಪೆಟ್ಟು ಅನ್ನುವುದೇ ಮುಖ್ಯ.

ಮೂವ್ ಬದಲಾಯಿಸುವುದು

ಮೂವ್ ಬದಲಾಯಿಸುವ ವಸ್ತುವಿಗೆ ಟಿಎಂ ಅನ್ನುತ್ತಾರೆ. ಫಾಸ್ಟ್ ಟಿಎಂ, ಚಾರ್ಜ್ಡ್ ಟಿಎಂ ಬಳಸಿದರೆ ಯಾವ ಮೂವ್ ಬರುತ್ತದೆ ಅನ್ನುವುದು ಅದೃಷ್ಟ. ಎಲೀಟ್ ಟಿಎಂ ಆದರೆ ಪಟ್ಟಿಯಿಂದ ನಾವೇ ಆರಿಸಬಹುದು. ಕಮ್ಯೂನಿಟಿ ಡೇ ಎಂಬ ಆಟದ ವಿಶೇಷ ದಿನ ಸಿಕ್ಕ ವಿಶೇಷ ಮೂವ್ ಇರುವ ಪೋಕೆಮಾನ್ ಮೇಲೆ ಸಾದಾ ಟಿಎಂ ಹಾಕುವ ಮೊದಲು ಎರಡು ಸಲ ನೋಡಿ. ಆ ಮೂವ್ ಹೋದರೆ ಸಾದಾ ಟಿಎಂನಿಂದ ವಾಪಸ್ ಬರುವುದಿಲ್ಲ.

ಎರಡನೇ ಮೂವ್‌ನ ಖರ್ಚು ಪೋಕೆಮಾನ್ ಮೇಲೆ ನಿಂತಿದೆ. ವೀನಸಾರ್, ಸ್ವಾಂಪರ್ಟ್‌ನಂಥ ಸ್ಟಾರ್ಟರ್‌ಗಳಿಗೆ (ಮೂಲ ಆಟಗಳಲ್ಲಿ ಮೊದಲು ಸಿಗುವ ಪೋಕೆಮಾನ್‌ಗಳ ಬಳಗ) 10,000 ಸ್ಟಾರ್‌ಡಸ್ಟ್ ಮತ್ತು 25 ಕ್ಯಾಂಡಿ ಸಾಕು. ಅಪರೂಪದ ಲೆಜೆಂಡರಿ ಪೋಕೆಮಾನ್‌ಗಳಿಗೆ 1,00,000 ಮತ್ತು 100. ಹೊಸಬರು ಸ್ಟಾರ್ಟರ್‌ಗಳಿಂದಲೇ ಶುರು ಮಾಡುವುದು ವಾಸಿ.

ಆಟದ ಖಳರ ಗುಂಪಾದ ಟೀಮ್ ಗೋ ರಾಕೆಟ್‌ನಿಂದ ಸಿಗುವ ಶ್ಯಾಡೋ ಪೋಕೆಮಾನ್‌ಗಳಿಗೆ ಈ ಖರ್ಚು ಶೇಕಡಾ 20 ಜಾಸ್ತಿ. ಅವು ಕೊಡುವ ಪೆಟ್ಟೂ ಜಾಸ್ತಿ, ತಿನ್ನುವ ಪೆಟ್ಟೂ ಜಾಸ್ತಿ. ಹಿಡಿದಾಗ ಅವುಗಳ ಚಾರ್ಜ್ಡ್ ಮೂವ್ ಫ್ರಸ್ಟ್ರೇಷನ್ ಆಗಿರುತ್ತದೆ. ಅದನ್ನು ಚಾರ್ಜ್ಡ್ ಟಿಎಂನಿಂದ ತೆಗೆಯಲು ಟೀಮ್ ಗೋ ರಾಕೆಟ್‌ನ ಕೆಲವು ವಿಶೇಷ ಕಾರ್ಯಕ್ರಮಗಳವರೆಗೆ ಕಾಯಬೇಕು. ಕಾಯುವ ಮನಸ್ಸಿಲ್ಲದಿದ್ದರೆ ಎರಡನೇ ಮೂವ್ ತೆರೆದು ಅದರಿಂದಲೇ ಆಡಬಹುದು. ಫ್ರಸ್ಟ್ರೇಷನ್ ಮೊದಲ ಜಾಗದಲ್ಲಿ ಸುಮ್ನೆ ಕೂತಿರುತ್ತದೆ, ಅದನ್ನು ಒತ್ತಬೇಕಾಗಿಲ್ಲ.