ಟೆಂಪರೇಚರ್ ಮುಳ್ಳು ಏರಿಳಿಯುವುದು ಯಾವಾಗ? ಮೊದಲು ಅದನ್ನು ಗಮನಿಸಿ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಅರ್ಧ ದಾಟಿ ಏರುತ್ತದೆ, ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿ ಗಾಡಿ ಓಡಿದರೆ ತಾನಾಗಿ ಇಳಿಯುತ್ತದೆ. ಇಂಥ ದೂರಿನೊಂದಿಗೆ ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳಲ್ಲಿ ಅಷ್ಟರೊಳಗೆ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ಕವಾಟ) ಬದಲಾಗಿರುತ್ತದೆ, ತಾಪಮಾನದ ಸೆನ್ಸರ್ ಬದಲಾಗಿರುತ್ತದೆ, ರೇಡಿಯೇಟರ್‌ಗೂ ಒಮ್ಮೆ ಕೈ ಹಾಕಿ ಆಗಿರುತ್ತದೆ. ಆದರೆ ಮುಳ್ಳು ಏರುವಾಗ ಗಾಡಿ ನಿಂತಿತ್ತೇ, ಓಡುತ್ತಿತ್ತೇ, ಎಸಿ ಹಾಕಿತ್ತೇ, ಫ್ಯಾನ್ ತಿರುಗುತ್ತಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಅರ್ಧ ರೋಗ ಪತ್ತೆಯಾಗುವುದೇ ಈ ನಾಲ್ಕು ಪ್ರಶ್ನೆಗಳಲ್ಲಿ.

ಮೊದಲು ಮೀಟರ್ ವಿಷಯ. ಈಗಿನ ಬಹಳಷ್ಟು ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿಯವರೆಗೆ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ. ಹಾಗಾಗಿ ಮುಳ್ಳು ಕಣ್ಣಿಗೆ ಕಾಣುವಷ್ಟು ಅಲುಗಿತೆಂದರೆ ಒಳಗಿನ ಬದಲಾವಣೆ ದೊಡ್ಡದೇ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಅತಿ ಬಿಸಿಯಾದರೆ ಕೆಂಪು ದೀಪ ಅಷ್ಟೆ. ಒಂದು ಅಗ್ಗದ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಸಾಧನ) ಸಿಕ್ಕಿಸಿ ಮೊಬೈಲ್‌ನಲ್ಲಿ ಕೂಲೆಂಟ್ (ಎಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುವ ದ್ರವ) ತಾಪಮಾನ ನೋಡಿದರೆ ಊಹೆಗೆ ಜಾಗವಿರುವುದಿಲ್ಲ. ಟ್ರಾಫಿಕ್‌ನಲ್ಲಿ 90ರಿಂದ 98ರ ನಡುವೆ ಏರಿಳಿದರೆ ಗಾಬರಿ ಬೇಡ, ಫ್ಯಾನ್ ಹತ್ತಿ ಆರುವುದರಿಂದ ಹಾಗಾಗುತ್ತದೆ. 105 ದಾಟಿ ಹೋಗುವುದು, ಹೈವೇಯಲ್ಲಿ 75ಕ್ಕಿಂತ ಕೆಳಗಿಳಿಯುವುದು, ಸಂಖ್ಯೆ ದಿಢೀರನೆ ಜಿಗಿಯುವುದು: ಈ ಮೂರು ಮಾತ್ರ ದೋಷ.

ನಿಂತಾಗ ಏರಿ, ಓಡಿದಾಗ ಇಳಿದರೆ ರೇಡಿಯೇಟರ್ ಮೂಲಕ ಗಾಳಿ ಹರಿಯುತ್ತಿಲ್ಲವೆಂದೇ ಅರ್ಥ. ಬೆಂಗಳೂರಿನಲ್ಲಿ ಹೆಚ್ಚು ಕಾಣುವುದು ಇದೇ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಹೆಚ್ಚಿನ ಕಾರುಗಳಲ್ಲಿ ಕೆಲವೇ ಸೆಕೆಂಡಿನಲ್ಲಿ ಫ್ಯಾನ್ ತಿರುಗಬೇಕು. ಆಮೇಲೆ ಎಸಿ ಆರಿಸಿ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಂತೆ) ಬಿಟ್ಟು, ಫ್ಯಾನ್ ತಾನಾಗಿ ಯಾವ ತಾಪಮಾನದಲ್ಲಿ ಶುರುವಾಗುತ್ತದೆಂದು ಸ್ಕ್ಯಾನರ್‌ನಲ್ಲಿ ನೋಡಿ. ಬ್ಲೇಡನ್ನು ಕಡ್ಡಿಯಿಂದ ತಳ್ಳಿದರೆ ಮಾತ್ರ ತಿರುಗಿತೆಂದರೆ ಮೋಟಾರಿನ ಬ್ರಷ್ ಸವೆದಿದೆ. ಕೈ ಮಾತ್ರ ಹಾಕಬೇಡಿ, ಕೀ ತೆಗೆದ ಮೇಲೂ ಫ್ಯಾನ್ ತಿರುಗುವ ಕಾರುಗಳಿವೆ.

ಎರಡು ಸ್ಪೀಡಿನ ಫ್ಯಾನ್ ಇರುವ ಕಾರುಗಳಲ್ಲಿ ಒಂದು ದೋಷ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಕಡಿಮೆ ಸ್ಪೀಡಿಗೆ ಕರೆಂಟ್ ಹೋಗುವುದು ಒಂದು ರೆಸಿಸ್ಟರ್ ಮೂಲಕ. ಅದು ಸುಟ್ಟುಹೋದರೆ 95–98 ಡಿಗ್ರಿಯಲ್ಲಿ ಶುರುವಾಗಬೇಕಿದ್ದ ಫ್ಯಾನ್ ಸುಮ್ಮನಿರುತ್ತದೆ. ತಾಪಮಾನ 102–105ಕ್ಕೆ ಏರಿದಾಗ ಒಮ್ಮೆಲೇ ಫುಲ್ ಸ್ಪೀಡಿನಲ್ಲಿ ಭರ್ರೆಂದು ತಿರುಗುತ್ತದೆ, ಮುಳ್ಳು ಸರಸರ ಇಳಿಯುತ್ತದೆ, ಫ್ಯಾನ್ ನಿಲ್ಲುತ್ತದೆ, ಮತ್ತೆ ಏರಿಕೆ. ಐದಾರು ನಿಮಿಷಕ್ಕೊಮ್ಮೆ ಇದೇ ಆಟ. ಫ್ಯಾನ್ ತಿರುಗುವುದು ಕಣ್ಣಿಗೆ ಕಾಣುವುದರಿಂದ 'ಫ್ಯಾನ್ ಸರಿಯಾಗಿದೆ' ಎಂದು ಮುಂದೆ ಹೋಗಿಬಿಡುತ್ತಾರೆ. ಜೊತೆಗೆ ಟ್ರಾಫಿಕ್‌ನಲ್ಲಿ ಎಸಿ ತಣ್ಣಗಾಗುತ್ತಿಲ್ಲ ಎಂಬ ದೂರೂ ಇದ್ದರೆ ಮೊದಲು ಈ ರೆಸಿಸ್ಟರ್ ನೋಡಿ. ಇದಕ್ಕೆ ಫ್ಯಾನನ್ನು ಡೈರೆಕ್ಟ್ ಮಾಡಿ ಒಂದು ಸ್ವಿಚ್ ಕೊಟ್ಟುಬಿಡುವುದು ಪರಿಹಾರವಲ್ಲ. ಒಂದು ದಿನ ಸ್ವಿಚ್ ಹಾಕಲು ಮರೆತರೆ ಎಂಜಿನ್ ಹೆಡ್ (ಸಿಲಿಂಡರ್ ಮೇಲಿನ ಭಾಗ) ಹೋಯಿತು.

ಫ್ಯಾನ್ ಸರಿಯಿದ್ದೂ ಏರುತ್ತಿದ್ದರೆ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಮೆಟ್ರೋ ಕಾಮಗಾರಿಯ ಧೂಳು, ಹುಳ, ಒಣಎಲೆಯ ಪುಡಿ ಅಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ಪ್ರೆಷರ್ ವಾಷ್ ಹೊಡೆದರೆ ಕಸ ಇನ್ನೂ ಒಳಗೆ ಸೇರುತ್ತದೆ, ಫಿನ್‌ಗಳೂ ಮಡಚಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಗೆ, ಕಡಿಮೆ ಒತ್ತಡದಲ್ಲಿ ನೀರು ಬಿಡಬೇಕು.

ಇದರ ತದ್ವಿರುದ್ಧ ಲಕ್ಷಣವೂ ಇದೆ: ಊರೊಳಗೆ ಸರಿ, ನೈಸ್ ರಸ್ತೆಯಲ್ಲಿ ವೇಗ 100 ಕಿ.ಮೀ. ದಾಟಿದಾಗ ಅಥವಾ ನಂದಿ ಬೆಟ್ಟದ ತಿರುವುಗಳಲ್ಲಿ ಏರುತ್ತದೆ. ಇಲ್ಲಿ ಕಡಿಮೆಯಾಗಿರುವುದು ಕೂಲೆಂಟ್ ಹರಿವು. ರೇಡಿಯೇಟರ್ ಒಳಗಿನ ಕೊಳವೆಗಳು ಉಪ್ಪು ಕಟ್ಟಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಕೆಳಗಿನ ಹೋಸ್ ಎಂಜಿನ್ ರೇಸ್ ಮಾಡಿದಾಗ ಚಪ್ಪಟೆಯಾಗುತ್ತಿರಬಹುದು. ಬಿಸಿ ರೇಡಿಯೇಟರ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಸಾಲಾಗಿ ನೋಡಿದರೆ ಕಟ್ಟಿಕೊಂಡ ಜಾಗ ತಣ್ಣಗೆ ಸಿಗುತ್ತದೆ.

ಹೈವೇಯಲ್ಲಿ ಮುಳ್ಳು ಕೆಳಗಿಳಿದು ಟ್ರಾಫಿಕ್‌ನಲ್ಲಿ ನಡುವಿಗೆ ಬಂದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಅಥವಾ ಯಾರೋ ಬಿಚ್ಚಿ ಎಸೆದಿದ್ದಾರೆ. 'ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಸಾರ್' ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಎಂಜಿನ್ ತಣ್ಣಗಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ನಲ್ಲಿ ತೇವ ಸೇರುತ್ತದೆ. ಅಲ್ಲದೆ ಬಹಳ ಎಂಜಿನ್‌ಗಳಲ್ಲಿ ಬಿಸಿಯಾದ ಮೇಲೆ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದನ್ನು ತೆಗೆದರೆ ಒಂದು ಪಾಲು ಬಿಸಿ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್‌ಗೇ ವಾಪಸಾಗುತ್ತದೆ. ತಣ್ಣಗಿರಲೆಂದು ಬಿಚ್ಚಿದವರ ಗಾಡಿಯೇ ಏರಿನಲ್ಲಿ ಕುದಿಯುವುದು ಹೀಗೆ.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಅದನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಮೇಲೆ 82 ಅಥವಾ 88 ಎಂದು ಕೊರೆದಿರುತ್ತದೆ, ಅದರ ಒಂದೆರಡು ಡಿಗ್ರಿ ಆಚೀಚೆ ಬಾಯಿ ಬಿಡಲು ಶುರುವಾಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ 88ರ ಥರ್ಮೋಸ್ಟಾಟ್ ಪಾತ್ರೆಯಲ್ಲಿ ಪೂರ್ತಿ ತೆರೆಯದಿದ್ದರೆ ಅದನ್ನೇ ದೋಷವೆಂದುಕೊಳ್ಳಬೇಡಿ. ತೆರೆಯಲು ಶುರುವಾಗುವ ಹಂತ ಮತ್ತು ಆರಿದಾಗ ಸಂಪೂರ್ಣ ಮುಚ್ಚುವುದು, ಇವೆರಡನ್ನು ನೋಡಿ.

ಇದೇ 97 ಡಿಗ್ರಿ ಇನ್ನೊಂದು ಕಡೆಯೂ ಕಾಡುತ್ತದೆ. ಬೋರ್‌ವೆಲ್ ನೀರು ತುಂಬಿ, ರೇಡಿಯೇಟರ್ ಕ್ಯಾಪಿನ ರಬ್ಬರ್ ಸೋತ ಕಾರಿನಲ್ಲಿ ಒತ್ತಡವೇ ನಿಲ್ಲದು. ಆಗ ಫ್ಯಾನ್ ಹೈ ಸ್ಪೀಡಿಗೆ ಹೋಗುವ ಮೊದಲೇ ಒಳಗೆ ನೀರು ಕುದಿಯುತ್ತದೆ. ಆವಿ ಸೆನ್ಸರ್ ಸುತ್ತ ಬಂದಾಗ ಮುಳ್ಳು ಕುಣಿಯುತ್ತದೆ. ಸಾಮಾನ್ಯವಾಗಿ ಕ್ಯಾಪ್ 0.9ರಿಂದ 1.1 ಬಾರ್ ಒತ್ತಡ ಹಿಡಿಯಬೇಕು. ಅಷ್ಟು ಒತ್ತಡದಲ್ಲಿ, ಅರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಮಿಶ್ರಣ 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಇಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಎನ್ನುವವರಿಗೆ ಇದೇ ಉತ್ತರ. ತುಕ್ಕು ತಡೆಯುವುದು ಅದರ ಮೇಲಿನ ಲಾಭ. ರೆಡಿಮಿಕ್ಸ್ ಡಬ್ಬಿಗೆ ಮತ್ತೆ ನೀರು ಬೆರೆಸಬೇಡಿ, ಬಣ್ಣ ಒಂದೇ ಎಂದು ಬೇರೆ ಬೇರೆ ಕೂಲೆಂಟ್ ಸೇರಿಸಬೇಡಿ. ಬಣ್ಣಕ್ಕೆ ಯಾವ ಸಾರ್ವತ್ರಿಕ ನಿಯಮವೂ ಇಲ್ಲ.

ಮಟ್ಟ ಕಡಿಮೆಯಾದಾಗ ಅಥವಾ ಕೂಲೆಂಟ್ ಬದಲಿಸಿದ ಮೇಲೆ ಏರ್‌ಲಾಕ್ ಆದಾಗ (ಒಳಗೆ ಗಾಳಿ ಸಿಕ್ಕಿಕೊಂಡಾಗ) ಮುಳ್ಳು ಗೊತ್ತುಗುರಿಯಿಲ್ಲದೆ ಏರಿಳಿಯುತ್ತದೆ, ಹೀಟರ್ ಹಾಕಿದರೆ ಒಮ್ಮೆ ಬಿಸಿ, ಒಮ್ಮೆ ತಣ್ಣನೆ ಗಾಳಿ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಫುಲ್ ಹಾಟ್‌ನಲ್ಲಿರಲಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲೆಂಟ್ ಬರುವವರೆಗೆ ನಿಧಾನ ತುಂಬಿಸಿ ಬಿಗಿಮಾಡಿ. ಆಮೇಲೆ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಐಡಲ್‌ನಲ್ಲಿ ಓಡಿಸಿ. ಪೂರ್ತಿ ಆರಿದ ಮೇಲೆ ಮಟ್ಟ ನೋಡಿ.

ಸಂಖ್ಯೆ ಒಂದೇ ಸೆಕೆಂಡಿನಲ್ಲಿ 20 ಡಿಗ್ರಿ ಜಿಗಿದರೆ, ಕೂಲೆಂಟ್ ಮಟ್ಟವೂ ಸರಿಯಿದ್ದರೆ, ಅದು ವೈರಿಂಗ್ ಕಥೆ. ನಾಲ್ಕೈದು ಲೀಟರ್ ಕೂಲೆಂಟ್ ಅಷ್ಟು ಬೇಗ ಬಿಸಿಯಾಗಲು ಸಾಧ್ಯವೇ ಇಲ್ಲ. ಮಲ್ಟಿಮೀಟರ್ ಹಿಡಿದರೆ ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ಸ್ಕ್ಯಾನರ್ ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ತುಂಡಾಗಿದೆ. ಸೆನ್ಸರ್ ಕೊಳ್ಳುವ ಮೊದಲು ಕನೆಕ್ಟರ್ ಪಿನ್ನಿನ ಹಸಿರು ಕಿಲುಬು, ಎಂಜಿನ್ ಅರ್ಥ್ ವೈರ್ ನೋಡಿ.

ಇವೆಲ್ಲ ಸರಿಯಿದ್ದೂ ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಮೇಲೆ ಸಂಶಯ ಪಡಬೇಕು. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾದರೆ ಒಳಗೆ ಹೊಗೆಯ ಒತ್ತಡ ನುಗ್ಗುತ್ತಿದೆ. ಹೆಡ್ ಬಿಚ್ಚುವ ಮೊದಲು ಬ್ಲಾಕ್ ಟೆಸ್ಟರ್ (ಕೂಲೆಂಟ್‌ಗೆ ಹೊಗೆ ಸೇರಿದೆಯೇ ಎಂದು ತೋರಿಸುವ ಸಾಧನ) ಹಾಕಿಸಿ: ನೀಲಿ ದ್ರವ ಪೆಟ್ರೋಲ್ ಎಂಜಿನ್‌ನಲ್ಲಿ ಹಳದಿಗೆ ತಿರುಗಿದರೆ ಖಚಿತ.

ಹೆಬ್ಬಾಳ ಫ್ಲೈಓವರ್ ಮೇಲೆ ಮುಳ್ಳು ಕೆಂಪಿನತ್ತ ಹೊರಟರೆ ಎಸಿ ಆರಿಸಿ, ಹೀಟರ್ ಮತ್ತು ಬ್ಲೋವರ್ ಫುಲ್ ಹಾಕಿ, ಸಿಕ್ಕ ಮೊದಲ ಜಾಗದಲ್ಲಿ ನಿಲ್ಲಿಸಿ. ಕೆಂಪು ಮುಟ್ಟಿದ್ದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕನಿಷ್ಠ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಬಿಸಿ ಬ್ಲಾಕ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಬೇರೆ ದಾರಿಯಿಲ್ಲದೆ ಬಾಟಲಿ ನೀರು ತುಂಬಿಸಿ ಮನೆ ಸೇರಿದ್ದರೆ, ಆ ವಾರವೇ ಅದನ್ನು ಖಾಲಿ ಮಾಡಿಸಿ ಸರಿಯಾದ ಮಿಶ್ರಣ ಹಾಕಿಸಿ.