ಗಡ್ಡ ಇರಬಹುದು, ಇಲ್ಲದಿರಲೂಬಹುದು: ಎಕ್ಸ್-ಫೈಲ್ಸ್‌ನ ಒಂದು ಕಂತಿನ ಮರುನೋಟ

ದಾವಣಗೆರೆಯ ನಮ್ಮ ಚಿತ್ರಕಥೆ ಬಳಗ ಈ ಬಾರಿ ಮತ್ತೆ ನೋಡಿದ್ದು ಅಮೆರಿಕದ ಟಿವಿ ಸರಣಿ 'ದಿ ಎಕ್ಸ್-ಫೈಲ್ಸ್'ನ ಮೂರನೆಯ ಸೀಸನ್ನಿನ ನಾಲ್ಕನೆಯ ಕಂತು, 'ಕ್ಲೈಡ್ ಬ್ರಕ್ಮನ್ಸ್ ಫೈನಲ್ ರಿಪೋಸ್'. ಮೊದಲ ಪ್ರಸಾರ 1995ರ ಅಕ್ಟೋಬರ್ 13ರಂದು. ಬರೆದವರು ಡ್ಯಾರಿನ್ ಮಾರ್ಗನ್, ನಿರ್ದೇಶಿಸಿದವರು ಡೇವಿಡ್ ನಟರ್. ಬರವಣಿಗೆಗೂ, ಬ್ರಕ್ಮನ್ ಪಾತ್ರ ಮಾಡಿದ ಪೀಟರ್ ಬಾಯ್ಲ್ ಅವರ ಅಭಿನಯಕ್ಕೂ 1996ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಟಿಪ್ಪಣಿಯಲ್ಲಿ ಕಥೆಯನ್ನು ಕೊನೆಯವರೆಗೂ ಬಿಚ್ಚಿಟ್ಟಿದ್ದೇನೆ. ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಕಥೆ ಇಷ್ಟು. ಅಮೆರಿಕದ ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಒಬ್ಬನು ಭವಿಷ್ಯ ಹೇಳುವವರನ್ನೇ ಹುಡುಕಿ ಹುಡುಕಿ ಕೊಲ್ಲುತ್ತಿದ್ದಾನೆ. ಸರಣಿಯ ಎಫ್‌ಬಿಐ ಪತ್ತೇದಾರರಿಬ್ಬರು, ಅಲೌಕಿಕವನ್ನು ನಂಬುವ ಮಲ್ಡರ್, ನಂಬದ ವೈದ್ಯೆ ಸ್ಕಲಿ, ತನಿಖೆಗೆ ಬರುತ್ತಾರೆ. ಅವರಿಗೆ ಎದುರಾಗುವವನು ಕ್ಲೈಡ್ ಬ್ರಕ್ಮನ್ ಎಂಬ ವಯಸ್ಸಾದ ಜೀವವಿಮಾ ಮಾರಾಟಗಾರ. ಯಾರು ಹೇಗೆ ಸಾಯುತ್ತಾರೆ ಎಂಬುದೊಂದು ಅವನಿಗೆ ಗೊತ್ತಾಗುತ್ತದೆ. ಅದರಾಚೆ ಅವನಿಗೆ ಬೇರೆ ಶಕ್ತಿಯಿಲ್ಲ.

ಮೊದಲು ಯಾಪಿಯನ್ನು ಗಮನಿಸಿ. ಪೊಲೀಸರು ಕರೆಸಿದ ಟಿವಿ ಜ್ಯೋತಿಷಿ ಈತ. ಹುಬ್ಬು ಕುಣಿಸುತ್ತಾ, ಕಣ್ಣು ಮುಚ್ಚಿ, ಕೊಲೆಗಾರನ ಚಹರೆ ಹೇಳುತ್ತಾನೆ: ಬಿಳಿಯ, ವಯಸ್ಸು ಹದಿನೇಳರಿಂದ ಮೂವತ್ನಾಲ್ಕು, ಗಡ್ಡ ಇರಬಹುದು, ಇಲ್ಲದಿರಲೂಬಹುದು. ಪೊಲೀಸರು ತಲೆದೂಗುತ್ತಾರೆ. ಕೋಣೆಯಲ್ಲಿ ನಕಾರಾತ್ಮಕ ಶಕ್ತಿ ಇದೆಯೆಂದು ಯಾಪಿ ಹೊರಗೆ ಕಳುಹಿಸುವುದು ಸ್ಕಲಿಯನ್ನಲ್ಲ, ಮಲ್ಡರ್‌ನನ್ನು! ಇಡೀ ಸರಣಿಯಲ್ಲಿ ಅತಿ ಹೆಚ್ಚು ನಂಬುವವನನ್ನೇ ನಾಸ್ತಿಕನೆಂದು ಹೊರಗಟ್ಟುವ ಈ ಒಂದು ಏಟಿನಲ್ಲಿ ಯಾಪಿಯ ಯೋಗ್ಯತೆ ಏನೆಂದು ಬರಹಗಾರ ಹೇಳಿ ಮುಗಿಸಿದ್ದಾರೆ. ವಿವರಣೆಯ ಸಂಭಾಷಣೆ ಒಂದೂ ಬೇಕಾಗಿಲ್ಲ.

ಯಾಪಿಯ ಮಾತು ಸುಳ್ಳಾಗಲು ಸಾಧ್ಯವಿಲ್ಲ, ಅದೇ ಅದರ ಬಲ. ಮನಃಶಾಸ್ತ್ರ ಓದುತ್ತಿರುವವರಿಗೆ ಬರ್ಟ್ರಂ ಫೋರರ್ ಅವರ ಪ್ರಯೋಗ ನೆನಪಾಗಬೇಕು. 1948ರಲ್ಲಿ ಅವರು 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ವ್ಯಕ್ತಿತ್ವ ವಿಶ್ಲೇಷಣೆ' ಎಂದು ಕಾಗದ ಹಂಚಿದರು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಐದಕ್ಕೆ ಕೊಟ್ಟ ಸರಾಸರಿ ಅಂಕ 4.26. ಹೊಂದಿಸಿಕೊಳ್ಳುವ ಕೆಲಸವನ್ನು ಕೇಳುವವನೇ ಮಾಡಿಕೊಳ್ಳುತ್ತಾನೆ. ಹೇಳುವವನು ಜಾಗ ಖಾಲಿ ಬಿಟ್ಟರೆ ಸಾಕು.

ಇಲ್ಲಿ ನಮ್ಮ ಚರ್ಚೆ ಮೈಲಾರದ ಕಾರಣಿಕದತ್ತ, ಅಂದರೆ ಮೈಲಾರಲಿಂಗನ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿಯತ್ತ, ತಿರುಗಿದ್ದು ಸಹಜವೇ. ಭರತ ಹುಣ್ಣಿಮೆಯ ಜಾತ್ರೆಗೆ ದಾವಣಗೆರೆ ಕಡೆಯಿಂದ ಎತ್ತಿನ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವವರು ಈಗಲೂ ಇದ್ದಾರೆ. ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲೇರಿ 'ಸದ್ದಲೇ' ಎಂದೊಡನೆ ಅಷ್ಟು ಜನಜಂಗುಳಿ ಉಸಿರು ಬಿಗಿಹಿಡಿಯುತ್ತದೆ. 'ಪರಾಕ್' ಎಂದು ಮುಗಿಯುವ ಒಂದೇ ಒಂದು ಸಾಲು ಬೀಳುತ್ತದೆ. ಆಮೇಲೆ ಅದನ್ನು ರೈತರು ಮಳೆಗೆ, ವರ್ತಕರು ದರಕ್ಕೆ, ಪುಢಾರಿಗಳು ಕುರ್ಚಿಗೆ ಹೊಂದಿಸುತ್ತಾರೆ. ಹಾಗೆಂದು ಗೊರವಯ್ಯನನ್ನು ಯಾಪಿಯ ಪಕ್ಕದಲ್ಲಿ ಕೂರಿಸಿದರೆ ಅನ್ಯಾಯವಾಗುತ್ತದೆ. ಒಂದು ಸೀಮೆಯೇ ಸೇರಿ ಅರ್ಥ ಕಟ್ಟುವ ಆಚರಣೆ ಅದು. ಉಪವಾಸ ವ್ರತ ಹಿಡಿದು ಬಿಲ್ಲೇರಿದವನು ಯಾರಿಗೂ ಏನನ್ನೂ ಮಾರುತ್ತಿಲ್ಲ. ಆದರೆ ಸಾಲಿನ ರಚನೆಯನ್ನು ಮಾತ್ರ ನೋಡುವುದಾದರೆ, ತೆರೆದ ಮಾತಿಗೆ ಆಯಸ್ಸು ಹೆಚ್ಚು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಬ್ರಕ್ಮನ್ ಇದಕ್ಕೆ ತದ್ವಿರುದ್ಧ. ಅವನ ಮಾತಿನಲ್ಲಿ ಒಂದಿಷ್ಟೂ ಸಂದಿಲ್ಲ. ವಿಮೆ ಮಾಡಿಸಲು ಹಿಂದೇಟು ಹಾಕುವ ಯುವಕನಿಗೆ, ಎರಡು ವರ್ಷದಲ್ಲಿ ಯಾವ ಬಣ್ಣದ ಯಾವ ಕಾರು ಗುದ್ದಿ ಅವನು ಸಾಯುತ್ತಾನೆಂದು ಹೆಂಡತಿ, ಮಗುವಿನ ಪ್ರಸ್ತಾಪದ ಸಮೇತ ಹೇಳಿಬಿಡುತ್ತಾನೆ. ಯುವಕ ಎದ್ದು ಹೋಗದೆ ಏನು ಮಾಡಿಯಾನು! ನಮ್ಮೂರಿನ ವಿಮಾ ಏಜೆಂಟರು ಮದುವೆ, ಮಕ್ಕಳ ಓದು, ಮನೆ ಎಂದು ಊರೆಲ್ಲ ಸುತ್ತಿ ಕೊನೆಗೆ ಮೆಲ್ಲಗೆ ಸಾವಿನ ಹೊಸ್ತಿಲಿಗೆ ಬರುತ್ತಾರೆ. ಬ್ರಕ್ಮನ್ ನೇರವಾಗಿ ನಡುಮನೆಗೇ ನುಗ್ಗುತ್ತಾನೆ. ಸತ್ಯ ಗೊತ್ತಿದ್ದರೂ ಅವನ ವ್ಯಾಪಾರ ನೆಲಕಚ್ಚಿದೆ. ಏನೂ ಗೊತ್ತಿಲ್ಲದ ಯಾಪಿ ಮಾತ್ರ ಟಿವಿಯಲ್ಲಿ ಮೆರೆಯುತ್ತಿದ್ದಾನೆ. ಕಂತಿನ ನಗುವೂ ಸಂಕಟವೂ ಹುಟ್ಟುವುದು ಈ ಜೋಡಿಯಿಂದ.

ಈ ಶಕ್ತಿ ಬಂದ ಬಗೆಯನ್ನು ಬ್ರಕ್ಮನ್ ವಿವರಿಸುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. 1959ರ ಫೆಬ್ರುವರಿ 3ರಂದು ಅಯೋವಾದ ಕ್ಲಿಯರ್ ಲೇಕ್ ಬಳಿ ವಿಮಾನ ಬಿದ್ದು ಗಾಯಕರಾದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, 'ಬಿಗ್ ಬಾಪರ್' ಎಂದೇ ಹೆಸರಾದ ಜೆ. ಪಿ. ರಿಚರ್ಡ್‌ಸನ್ ತೀರಿಕೊಂಡದ್ದು ನಿಜವಾದ ಘಟನೆ. ನಾಣ್ಯ ಚಿಮ್ಮಿ ಗೆದ್ದು ಬಿಗ್ ಬಾಪರ್ ಆ ವಿಮಾನ ಏರಿದನೆಂದು ಬ್ರಕ್ಮನ್ ಹೇಳುತ್ತಾನೆ. ಆ ನಾಣ್ಯ ಹಾಗೆ ಬೀಳುವುದಕ್ಕೆ ಎಷ್ಟು ಜನರ ಬದುಕಿನಲ್ಲಿ ಎಷ್ಟೆಲ್ಲ ನಡೆದಿರಬೇಕು ಎಂದು ಯೋಚಿಸುತ್ತ ಯೋಚಿಸುತ್ತ ಅವನಿಗೆ ಸಾವುಗಳು ಕಾಣತೊಡಗಿದವಂತೆ. ನಿಜದಲ್ಲಿ ನಾಣ್ಯದಿಂದ ಸೀಟು ಗೆದ್ದವರು ವ್ಯಾಲೆನ್ಸ್. ಜ್ವರದಲ್ಲಿದ್ದ ರಿಚರ್ಡ್‌ಸನ್ ಅವರಿಗೆ ಸೀಟು ಬಿಟ್ಟುಕೊಟ್ಟವರು ಹಾಲಿಯವರ ವಾದ್ಯತಂಡದ ವೇಲನ್ ಜೆನ್ನಿಂಗ್ಸ್. ಬರಹಗಾರ ಇಬ್ಬರ ಕಥೆಯನ್ನು ಒಬ್ಬನಿಗೆ ಕಟ್ಟಿದ್ದಾರೆ, ಕಥೆಗೆ ಅದು ಒಪ್ಪುತ್ತದೆ. ಮುಖ್ಯವಾದದ್ದು ಬೇರೆ: ಇಲ್ಲಿ ದೇವರಿಲ್ಲ, ವರವಿಲ್ಲ, ಶಾಪವಿಲ್ಲ. ಕಾರ್ಯಕಾರಣದ ಎಳೆಯನ್ನು ಹುಚ್ಚು ಹಿಡಿಯುವಷ್ಟು ಹಿಂಬಾಲಿಸಿದವನಿಗೆ ಬಂದ ಶಕ್ತಿ ಇದು. ಪತ್ತೇದಾರನೂ ಅದೇ ಎಳೆ ಹಿಡಿಯುತ್ತಾನಲ್ಲವೇ? ಅವನು ಹೆಣದಿಂದ ಹಿಂದಕ್ಕೆ ನಡೆಯುತ್ತಾನೆ, ಬ್ರಕ್ಮನ್ ಹೆಣದ ಕಡೆಗೆ ಮುಂದಕ್ಕೆ ನಡೆಯುತ್ತಾನೆ.

ಇನ್ನು ಭವಿಷ್ಯವಾಣಿಗಳ ಲೆಕ್ಕ. ಎರಡನೆಯ ಬಾರಿ ನೋಡುವಾಗಲೇ ಇದು ಕೈಗೆ ಸಿಗುವುದು. ಅಡುಗೆಮನೆಯಲ್ಲಿ ಮಲ್ಡರ್ ಕೆನೆ ತುಂಬಿದ ಪೈ ಎಂಬ ಸಿಹಿತಿಂಡಿಯನ್ನು ತುಳಿಯುತ್ತಾನೆ, ಹಿಂದಿನಿಂದ ಬಂದವನು ಅವನ ಕತ್ತು ಸೀಳುತ್ತಾನೆ ಎಂದು ಬ್ರಕ್ಮನ್ ಹೇಳಿರುತ್ತಾನೆ, ಅದೂ ಕೊಲೆಯ ವಿವರ ಬಿಟ್ಟು ಪೈ ಯಾವ ಬಗೆಯದೆಂದು ತಡಕಾಡುತ್ತಾ. ಅಡುಗೆಮನೆ ಬರುತ್ತದೆ, ಪೈ ಬರುತ್ತದೆ, ಚಾಕು ಬರುತ್ತದೆ. ಕತ್ತು ಮಾತ್ರ ಉಳಿಯುತ್ತದೆ. ಸ್ಕಲಿ ಸರಿಯಾದ ಹೊತ್ತಿಗೆ ಬಂದು ಗುಂಡು ಹಾರಿಸುತ್ತಾಳೆ. ಅವಳು ಬಂದದ್ದು ತರ್ಕದಿಂದಲ್ಲ, ತಪ್ಪಿ ಕೆಲಸದವರ ಲಿಫ್ಟ್ ಹತ್ತಿದ್ದರಿಂದ! ಅಂದರೆ ವಿಧಿಯನ್ನು ಮುರಿದದ್ದು ಕೂಡ ಇನ್ನೊಂದು ಚಿಮ್ಮಿದ ನಾಣ್ಯವೇ. ಆಕಸ್ಮಿಕದಿಂದ ಕಥೆ ಬಿಡಿಸುವುದು ದೋಷ ಎಂದು ನಾವು ಕಲಿತಿದ್ದೇವೆ. ಆಕಸ್ಮಿಕವೇ ಕಥೆಯ ವಿಷಯವಾಗಿರುವಾಗ ಆ ನಿಯಮ ಸಡಿಲುತ್ತದೆ.

ಎರಡನೆಯದು ಸ್ಕಲಿಯದು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ, ನೀನು ನನ್ನ ಕೈ ಹಿಡಿದಿರುತ್ತೀ ಎಂದು ಬ್ರಕ್ಮನ್ ಅವಳಿಗೆ ಹೇಳಿದಾಗ ಮುದುಕನ ಚಪಲವೆಂದು ನಕ್ಕುಬಿಡುತ್ತೇವೆ. ಕೊನೆಯಲ್ಲಿ ತಾನೇ ಪ್ರಾಣ ಬಿಟ್ಟ ಅವನ ಪಕ್ಕ, ಅದೇ ಹಾಸಿಗೆಯ ಮೇಲೆ ಸ್ಕಲಿ ಕೈ ಹಿಡಿದು ಕೂರುತ್ತಾಳೆ. ಹೇಳಿದ ಚಿತ್ರ ಚಾಚೂ ತಪ್ಪಿಲ್ಲ, ನಾವು ಕೊಟ್ಟ ಅರ್ಥ ತಪ್ಪಿದೆ. ಇನ್ನು 'ನಾನು ಹೇಗೆ ಸಾಯುತ್ತೇನೆ' ಎಂಬ ಅವಳ ಪ್ರಶ್ನೆಗೆ ಅವನು ಕೊಡುವ ಉತ್ತರ, 'ನೀನು ಸಾಯುವುದಿಲ್ಲ'. ಅಭಿಮಾನಿಗಳು ಇದರ ಮೇಲೆ ಅಮರತ್ವದ ಗೋಪುರಗಳನ್ನೇ ಕಟ್ಟಿದ್ದಾರೆ. ನನಗೆ ಅದು ಒಬ್ಬ ದಣಿದ ಮನುಷ್ಯನ ಸೌಜನ್ಯವಾಗಿ ಕೇಳಿಸುತ್ತದೆ; ಇಡೀ ಕಂತಿನಲ್ಲಿ ಅವನು ಸಾವಿನ ವಿವರ ಹೇಳದೆ ಒಬ್ಬರನ್ನು ಸಮಾಧಾನಪಡಿಸುವುದು ಅಲ್ಲಿಯೇ.

ಕೊಲೆಗಾರನ ಪಾತ್ರ ತೆಳುವೆಂದು ಬಳಗದಲ್ಲಿ ಆಕ್ಷೇಪ ಬಂತು. ಒಪ್ಪುವುದು ಕಷ್ಟ. ತಾನೇಕೆ ಹೀಗೆ ಮಾಡುತ್ತಿದ್ದೇನೆ ಎಂದು ತಿಳಿಯಲೆಂದೇ ಅವನು ಜ್ಯೋತಿಷಿಗಳ ಬಾಗಿಲು ತಟ್ಟುವವನು. ನೀನು ಕೊಲೆಯ ಹುಚ್ಚು ಹಿಡಿದವನು, ಅದಕ್ಕೇ ಎಂದು ಬ್ರಕ್ಮನ್ ಹೇಳಿದೊಡನೆ ಅವನ ಮುಖ ಬೆಳಗುತ್ತದೆ, ದೊಡ್ಡ ಗೊಂದಲ ಪರಿಹಾರವಾದಂತೆ.

ಅಭ್ಯಾಸಕ್ಕೆ ಒಂದು ಸಲಹೆ. ಮುಂದಿನ ಕಾರಣಿಕ ಕೇಳಿದ ದಿನವೇ ನಿಮ್ಮ ನಿಮ್ಮ ಅರ್ಥವನ್ನು ಬ್ರಕ್ಮನ್‌ನಂತೆ ಬರೆಯಿರಿ: ಯಾವ ತಾಲ್ಲೂಕು, ಯಾವ ಬೆಳೆ, ಯಾವ ತಿಂಗಳು, ಕ್ವಿಂಟಲ್‌ಗೆ ಎಷ್ಟು. ಕೆಳಗೆ ದಿನಾಂಕ ಹಾಕಿ ಲಕೋಟೆ ಅಂಟಿಸಿ. ದೇವರಗುಡ್ಡದ ನವರಾತ್ರಿಯ ಕಾರಣಿಕದ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಬಿಚ್ಚೋಣ.