ಸ್ಕ್ಯಾನ್‌ನಲ್ಲಿ ಮೂಳೆ ದಪ್ಪ ಅಂತ ಬಂತು, ಇಎಸ್‌ಆರ್ ರಕ್ತಪರೀಕ್ಷೆ ನೋಡಿದ್ರಾ?

ವಯಸ್ಸಾದ ಹೆಂಗಸರ ತಲೆ ಸಿಟಿ ಸ್ಕ್ಯಾನ್ ರಿಪೋರ್ಟಲ್ಲಿ ಹೈಪರಾಸ್ಟೋಸಿಸ್ ಫ್ರಂಟಾಲಿಸ್ ಇಂಟರ್ನಾ ಅಂತ ಒಂದು ಸಾಲು ಆಗಾಗ ಬರತ್ತೆ, ಅಂದ್ರೆ ಹಣೆ ಮೂಳೆಯ ಒಳಪದರ ಎರಡೂ ಕಡೆ ದಪ್ಪ ಆಗಿದೆ. ಮುಟ್ಟು ನಿಂತವರಲ್ಲಿ ಇದು ಸಾಮಾನ್ಯ, ಬಹುತೇಕರಿಗೆ ಟ್ರೀಟ್‌ಮೆಂಟೇ ಬೇಡ. ತಕರಾರು ಏನಂದ್ರೆ ಮನೆಯವರು ಆ ಹೆಸರನ್ನ ಗೂಗಲ್ ಮಾಡಿ, ಅಜ್ಜಿ ತಲೆನೋವಿಗೆ ಇದೇ ಕಾರಣ ಅಂತ ಫೈಲ್ ಮುಚ್ಚಿಬಿಡ್ತಾರೆ, ಕೆಲವು ಸಲ ನಾವು ಡಾಕ್ಟ್ರುಗಳೂ ಹಂಗೇ.

50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾದ್ರೆ ಮೊದ್ಲು ಕೇಳಿ: ಬಾಚಣಿಗೆ ಸೋಕಿದ್ರೆ ನೋಯತ್ತಾ, ರೊಟ್ಟಿ ಅಗೀತಾ ಅಗೀತಾ ದವಡೆ ಸೋತುಹೋಗಿ ಸ್ವಲ್ಪ ನಿಲ್ಲಿಸಿದ್ರೆ ಸರಿಹೋಗತ್ತಾ, ಒಂದು ಕಣ್ಣು ಸ್ವಲ್ಪ ಹೊತ್ತು ಮಂಜಾಗಿ ತಿಳಿಯಾಯ್ತಾ, ಬೆಳಿಗ್ಗೆ ಭುಜ ಎತ್ತಕ್ಕೆ ಆಗಲ್ವಾ. ಹೌದು ಅಂದ್ರೆ ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದು, ಕಣತಲೆಯ ರಕ್ತನಾಳದ ಉರಿಯೂತ. ಯುರೋಪಿನ ಉತ್ತರದ ಜನರಷ್ಟು ನಮ್ಮಲ್ಲಿಲ್ಲ, ಆದ್ರೆ ಇಲ್ಲವೇ ಇಲ್ಲ ಅನ್ಕೊಂಡು ಕೂತ್ರೆ ಕಣ್ಣು ಹೋಗತ್ತೆ, ಹೋದ ದೃಷ್ಟಿ ವಾಪಸ್ ಬರೋದು ಅಪರೂಪ, ಇನ್ನೊಂದು ಕಣ್ಣೂ ಕೆಲವೇ ದಿನದಲ್ಲಿ ಹೋಗಬಹುದು.

ಮೂಳೆ ದಪ್ಪ ಆಗೋ ಇನ್ನೊಂದು ಕಾಯಿಲೆ ಪ್ಯಾಜೆಟ್ಸ್. 1876ರಲ್ಲಿ ಜೇಮ್ಸ್ ಪ್ಯಾಜೆಟ್ ವರ್ಣಿಸಿದ ರೋಗಿಗೆ ತಲೆ ದೊಡ್ಡದಾಗಿ ಹಳೇ ಟೋಪಿ ಹಿಡಿಸ್ತಿರಲಿಲ್ಲ, 1890ರಲ್ಲಿ ಡಾಕ್ಟ್ರು ಹಚಿನ್ಸನ್ ವರ್ಣಿಸಿದ, ಮೇಲೆ ಹೇಳಿದ ಆರ್ಟರೈಟಿಸ್ ಇದ್ದ ಮುದುಕರಿಗೆ ಕಣತಲೆ ರಕ್ತನಾಳ ಊದಿ ನೋವಿಗೆ ಟೋಪಿ ಹಾಕೋಕೇ ಆಗ್ತಿರಲಿಲ್ಲ. ಇವೆರಡೂ ಒಬ್ಬರಲ್ಲೇ ಸೇರಿದ್ರೆ ಲ್ಯಾಬ್ ರಿಪೋರ್ಟೂ ದಾರಿ ತಪ್ಪಿಸತ್ತೆ, ಯಾಕಂದ್ರೆ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ರಕ್ತದ ಎಂಜೈಮ್ ಪ್ಯಾಜೆಟ್ಸ್‌ನಲ್ಲಿ ಮೂಳೆಯಿಂದ ಏರತ್ತೆ, ಆರ್ಟರೈಟಿಸ್‌ನಲ್ಲೂ ಲಿವರ್ ಕಡೆಯಿಂದ ಏರಬಹುದು. ಜಿಜಿಟಿ ಅನ್ನೋ ಲಿವರ್ ಟೆಸ್ಟನ್ನೂ ಜೊತೆಗೆ ಮಾಡಿಸಿ, ಅದೂ ಜಾಸ್ತಿ ಇದ್ರೆ ಲಿವರ್ ಕಡೆ ನೋಡಿ. ಉರಿಯೂತ ತೋರಿಸೋ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಬೇಕು, ಒಂದೇ ಸಾಲದು.

ಆರ್ಟರೈಟಿಸ್ ಅನುಮಾನ ಗಟ್ಟಿ ಇದ್ರೆ ಬಯಾಪ್ಸಿಗೆ (ಕಣತಲೆ ರಕ್ತನಾಳದ ತುಂಡು ತೆಗೆದು ನೋಡೋ ಪರೀಕ್ಷೆ) ಕಾಯ್ಬೇಡಿ, ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ 40ರಿಂದ 60 ಮಿಲಿಗ್ರಾಂ ಅವತ್ತೇ ಶುರು ಮಾಡ್ತೀವಿ, ಬಯಾಪ್ಸಿ ಒಂದೆರಡು ವಾರದೊಳಗೆ ಮಾಡಿದ್ರೂ ಸಾಮಾನ್ಯವಾಗಿ ಕಾಯಿಲೆ ಕಾಣತ್ತೆ. ಉರಿಯೂತ ನಾಳದುದ್ದಕ್ಕೂ ಇರಲ್ಲ, ಅಲ್ಲಲ್ಲಿ ಬಿಟ್ಟುಬಿಟ್ಟು ಇರತ್ತೆ, ಹಾಗಾಗಿ ತುಂಡು ಚಿಕ್ಕದಾದ್ರೆ ನಾರ್ಮಲ್ ಅಂತ ಬಂದ್ಬಿಡಬಹುದು.

ಇಷ್ಟು ಸ್ಟಿರಾಯ್ಡ್ ಕೊಟ್ಮೇಲೆ ತಲೆಬುರುಡೆ ದಪ್ಪ ಇದೆ ಅಂತ ಬೆನ್ನುಮೂಳೆ ಗಟ್ಟಿ ಅಂತೇನಿಲ್ಲ, ಅದು ಸವೀತಾನೇ ಇರತ್ತೆ. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೇ ಶುರು ಮಾಡ್ಬೇಕು. ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಪ್ಯಾಜೆಟ್ಸ್‌ಗೂ ಆಗತ್ತೆ, ಸ್ಟಿರಾಯ್ಡ್‌ನಿಂದ ಸವೆಯೋ ಮೂಳೆಗೂ ಆಗತ್ತೆ, ಆದ್ರೆ ಕಿಡ್ನಿ ಟೆಸ್ಟ್ ನೋಡ್ಕೊಂಡೇ ಹಾಕೋದು, ಹಲ್ಲು ಕೀಳಿಸೋದಿದ್ರೆ ಅದಕ್ಕೂ ಮುಂಚೆನೇ ಮುಗಿಸ್ಕೊಳ್ಳಿ.